ಸುಳ್ಳು ಲಾಭ ಎಲ್ಲಿ ಅಡಗಿರುತ್ತದೆ? ಕಂಪನಿಗಳ ಲೆಕ್ಕಪತ್ರ ವಂಚನೆಯ ಸುಳಿವುಗಳು

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷರಾಗಿದ್ದ ಬಿ. ರಾಮಲಿಂಗ ರಾಜು 2009ರ ಜನವರಿ 7ರಂದು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದು, ಅದರ ಪ್ರತಿಗಳನ್ನು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಗೂ ಷೇರು ವಿನಿಮಯ ಕೇಂದ್ರಗಳಿಗೂ ಕಳುಹಿಸಿದರು. ಕಂಪನಿಯ ಲೆಕ್ಕಪತ್ರಗಳಲ್ಲಿ ವರ್ಷಗಳಿಂದ ಸುಳ್ಳು ತುಂಬಿಕೊಂಡು ಬಂದಿದೆ ಎಂಬ ತಪ್ಪೊಪ್ಪಿಗೆ ಅದು. ಇದು ಹುಲಿ ಸವಾರಿಯಂತಿತ್ತು, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂಬ ಆ ಪತ್ರದ ಮಾತು ಪತ್ರಿಕೆಗಳಲ್ಲಿ ಮತ್ತೆಮತ್ತೆ ಅಚ್ಚಾಯಿತು. ಆದರೆ ಲೆಕ್ಕಪತ್ರ ಓದಲು ಕಲಿಯುವವರಿಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು ಪತ್ರದ ಆರಂಭದಲ್ಲೇ ಇರುವ ಕೆಲವು ಅಂಕಿಗಳು. 2008ರ ಸೆಪ್ಟೆಂಬರ್‌ಗೆ ಮುಗಿದ ತ್ರೈಮಾಸಿಕದಲ್ಲಿ ಕಂಪನಿ ತೋರಿಸಿದ ವರಮಾನ 2,700 ಕೋಟಿ ರೂಪಾಯಿ, ನಿಜವಾದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆಯ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಇದರಿಂದಾಗಿ ಆ ಒಂದೇ ತ್ರೈಮಾಸಿಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು 588 ಕೋಟಿ ರೂಪಾಯಿಯಷ್ಟು ಕೃತಕವಾಗಿ ಏರಿತು ಎಂದು ಪತ್ರ ಹೇಳುತ್ತದೆ.

ವರಮಾನದ ವ್ಯತ್ಯಾಸವನ್ನು ಕಳೆದು ನೋಡಿದರೆ 588 ಕೋಟಿ ಬರುತ್ತದೆ. ಲಾಭದ ವ್ಯತ್ಯಾಸವೂ 588 ಕೋಟಿಯೇ. ಬ್ಯಾಂಕ್ ಶಿಲ್ಕಿನ ಸುಳ್ಳು ಏರಿಕೆಯೂ 588 ಕೋಟಿ. ಮೂರು ಕಡೆ ಒಂದೇ ಅಂಕಿ ಬಂದಿರುವುದು ಕಾಕತಾಳೀಯವಲ್ಲ. ಲೆಕ್ಕಪತ್ರ ವಂಚನೆ ಹೇಗೆ ನಡೆಯುತ್ತದೆ ಮತ್ತು ಅದರ ಜಾಡನ್ನು ಎಲ್ಲಿ ಹುಡುಕಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಈ ಅಂಕಿಯಲ್ಲೇ ಇದೆ.

ಜಮಾ-ಖರ್ಚಿನ ಪುಸ್ತಕ ಬರೆದು ಗೊತ್ತಿರುವವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು, ಎರಡೂ ಕಡೆಯ ಮೊತ್ತ ಸರಿಹೊಂದಬೇಕು. ಒಬ್ಬ ವ್ಯಾಪಾರಿ ಯಾರಿಗೂ ಏನನ್ನೂ ಮಾರದೆ ಒಂದು ಲಕ್ಷ ರೂಪಾಯಿಯ ಸುಳ್ಳು ಬಿಲ್ಲು ಹರಿದನೆಂದು ಇಟ್ಟುಕೊಳ್ಳೋಣ. ಮಾರಾಟದ ಖಾತೆಯಲ್ಲಿ ಒಂದು ಲಕ್ಷ ಹೆಚ್ಚಾಗುತ್ತದೆ, ಅದರ ಹಿಂದೆ ಲಾಭವೂ ಹೆಚ್ಚಾಗುತ್ತದೆ. ಆದರೆ ಆ ಒಂದು ಲಕ್ಷ ಈಗ ಎಲ್ಲಿದೆ ಎಂದು ಪುಸ್ತಕ ಕೇಳುತ್ತದೆ. ಗಿರಾಕಿಯಿಂದ ಬರಬೇಕಿದೆ ಎಂದು ಬರೆಯಬಹುದು, ಬ್ಯಾಂಕಿಗೆ ಬಂದಿದೆ ಎಂದು ಬರೆಯಬಹುದು, ಅದರಿಂದ ಯಂತ್ರ ಕೊಂಡಿದ್ದೇವೆ ಎಂದೂ ಬರೆಯಬಹುದು. ಏನನ್ನೂ ಬರೆಯದೆ ಬಿಡುವಂತಿಲ್ಲ. ಲಾಭ-ನಷ್ಟದ ಪಟ್ಟಿಯಲ್ಲಿ ಹುಟ್ಟಿಸಿದ ಪ್ರತಿಯೊಂದು ಸುಳ್ಳು ರೂಪಾಯಿಗೂ ಆಸ್ತಿ-ಹೊಣೆ ಪಟ್ಟಿಯಲ್ಲಿ, ಅಂದರೆ ಬ್ಯಾಲೆನ್ಸ್ ಶೀಟಿನಲ್ಲಿ, ಒಂದು ಮನೆ ಕಟ್ಟಿಕೊಡಲೇಬೇಕು. ಲಾಭ-ನಷ್ಟದ ಪಟ್ಟಿ ಪ್ರತಿ ವರ್ಷ ಹೊಸದಾಗಿ ಸೊನ್ನೆಯಿಂದ ಶುರುವಾಗುವುದರಿಂದ ಹಳೆಯ ಸುಳ್ಳು ಅಲ್ಲಿ ಮಾಯವಾಗುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಅದು ಉಳಿದು, ಮರುವರ್ಷದ ಸುಳ್ಳಿನ ಜೊತೆ ಸೇರಿ ಬೆಳೆಯುತ್ತಾ ಹೋಗುತ್ತದೆ. ಹೂಡಿಕೆದಾರರಲ್ಲಿ ಹೆಚ್ಚಿನವರು ಲಾಭ ಎಷ್ಟು ಏರಿತೆಂದು ನೋಡಿ ಪುಟ ಮಡಚುವುದರಿಂದಲೇ ವಂಚಕರ ಕೆಲಸ ಹಗುರವಾಗಿದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಸುಳ್ಳನ್ನು ಎಲ್ಲಿ ಇಡುತ್ತಾರೆ? ಎಲ್ಲಕ್ಕಿಂತ ಸುಲಭದ ಜಾಗ ಗಿರಾಕಿಗಳಿಂದ ಬರಬೇಕಾದ ಬಾಕಿ. ಬಿಲ್ಲು ಬರೆದಾಯಿತು, ಹಣ ಮುಂದೆ ಬರುತ್ತದೆ ಎಂದರೆ ಸದ್ಯಕ್ಕೆ ಯಾರೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ವಿತರಕರ ಗೋದಾಮಿಗೆ ಬೇಡದ ಸರಕನ್ನು ತುಂಬಿ, ಏಪ್ರಿಲ್‌ನಲ್ಲಿ ವಾಪಸು ತೆಗೆದುಕೊಳ್ಳುವ ಒಳ ಒಪ್ಪಂದ ಮಾಡಿಕೊಂಡು, ಆ ವರ್ಷದ ಮಾರಾಟ ಎಂದು ತೋರಿಸುವುದೂ ಇದೇ ಜಾತಿಗೆ ಸೇರಿದ್ದು. ಇದನ್ನು ಹಿಡಿಯುವ ಮಾಮೂಲಿ ವಿಧಾನವೆಂದರೆ, ಬಾಕಿಯು ಎಷ್ಟು ದಿನಗಳ ಮಾರಾಟಕ್ಕೆ ಸಮವಾಗಿದೆ ಎಂದು ಲೆಕ್ಕ ಹಾಕಿ, ಆ ದಿನಗಳು ವರ್ಷದಿಂದ ವರ್ಷಕ್ಕೆ ಏರುತ್ತಿವೆಯೇ ಎಂದು ನೋಡುವುದು. ಮಾರಾಟ ಶೇ 20ರಷ್ಟು ಬೆಳೆದು ಬಾಕಿ ಶೇ 60ರಷ್ಟು ಬೆಳೆದಿದ್ದರೆ, ಒಂದೋ ಕಂಪನಿ ಸಾಲ ಕೊಟ್ಟು ಸರಕು ಮಾರುತ್ತಿದೆ, ಇಲ್ಲವೇ ಮಾರಾಟವೇ ನಡೆದಿಲ್ಲ. 2021ರಲ್ಲಿ ತಿದ್ದುಪಡಿಯಾದ ನಿಯಮದಿಂದಾಗಿ ಈಗ ಭಾರತದ ಕಂಪನಿಗಳು ಬಾಕಿಯ ವಯಸ್ಸನ್ನೂ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಕೊಡಬೇಕು: ಆರು ತಿಂಗಳೊಳಗಿನದೆಷ್ಟು, ಒಂದು ವರ್ಷ ದಾಟಿದ್ದೆಷ್ಟು, ಮೂರು ವರ್ಷ ಮೀರಿದ್ದೆಷ್ಟು ಎಂಬ ಕೋಷ್ಟಕ ಅಲ್ಲಿ ಸಿಗುತ್ತದೆ. ಮೂರು ವರ್ಷ ಮೀರಿದ ಬಾಕಿ ಗಣನೀಯವಾಗಿದ್ದು, ಅದು ಬಾರದೆ ಹೋಗಬಹುದೆಂದು ಲಾಭದಿಂದ ಏನನ್ನೂ ಕಳೆದಿಟ್ಟಿಲ್ಲವೆಂದಾದರೆ ಆ ಕೋಷ್ಟಕದ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಲ್ಲಿಸುವುದು ಒಳ್ಳೆಯದು.

ಆದರೆ ಇದೇ ಪರೀಕ್ಷೆಯನ್ನು ಸತ್ಯಂ ಮೇಲೆ ಪ್ರಯೋಗಿಸಿ ನೋಡಿದರೆ ಒಂದು ವಿಚಿತ್ರ ಬಯಲಾಗುತ್ತದೆ. ಪುಸ್ತಕದಲ್ಲಿದ್ದ ಬಾಕಿ 2,651 ಕೋಟಿ ರೂಪಾಯಿ. ಅದರಲ್ಲಿ 490 ಕೋಟಿ ಸುಳ್ಳು ಎಂದು ರಾಜು ಒಪ್ಪಿಕೊಂಡರು. ತೋರಿಸಿದ ಬಾಕಿಯನ್ನು ತೋರಿಸಿದ ವರಮಾನಕ್ಕೆ ಹೋಲಿಸಿದರೆ ಸುಮಾರು 90 ದಿನಗಳ ಬಾಕಿ ಬರುತ್ತದೆ. ಸುಳ್ಳನ್ನು ಕಳೆದು, ನಿಜವಾದ ಬಾಕಿಯನ್ನು ನಿಜವಾದ ವರಮಾನಕ್ಕೆ ಹೋಲಿಸಿದರೆ 94 ದಿನಗಳ ಹತ್ತಿರ ಬರುತ್ತದೆ. ಅಂದರೆ ಸುಳ್ಳು ಲೆಕ್ಕವೇ ನಿಜವಾದ ಲೆಕ್ಕಕ್ಕಿಂತ ಆರೋಗ್ಯವಾಗಿ ಕಾಣುತ್ತಿತ್ತು! ಪಠ್ಯಪುಸ್ತಕದ ಸೂತ್ರ ಹಿಡಿದು ಹೊರಟವರು ಇಲ್ಲಿ ಏನನ್ನೂ ಕಾಣದೆ ವಾಪಸಾಗುತ್ತಿದ್ದರು.

ಹೀಗಾಗಲು ಕಾರಣ, ಸುಳ್ಳು ಬಿಲ್ಲುಗಳ ಹಣ ಬಂದು ಸೇರಿದೆಯೆಂದೂ ಅಲ್ಲಿ ಬರೆಯಲಾಗುತ್ತಿತ್ತು. ತನಿಖೆಯಲ್ಲಿ ಹೊರಬಿದ್ದ ಸಂಗತಿಯ ಪ್ರಕಾರ, ಕಂಪನಿಯ ಇನ್‌ವಾಯ್ಸ್ ನಿರ್ವಹಣೆಯ ಸಾಫ್ಟ್‌ವೇರ್‌ಗೆ ‘ಸೂಪರ್ ಯೂಸರ್’ ಎಂಬ ವಿಶೇಷ ಪ್ರವೇಶದ ಮೂಲಕ ಒಳಹೊಕ್ಕು 7,561 ಸುಳ್ಳು ಇನ್‌ವಾಯ್ಸ್‌ಗಳನ್ನು ಸೇರಿಸಲಾಗಿತ್ತು. ಅವು ಆಯಾ ಗಿರಾಕಿಗಳ ಕೆಲಸ ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯ ಕಣ್ಣಿಗೆ ಬೀಳದಂತೆ ಮರೆಯಾಗಿರುತ್ತಿದ್ದವು, ಆದರೆ ಹಣಕಾಸು ವಿಭಾಗದ ಒಟ್ಟು ಮೊತ್ತದಲ್ಲಿ ಸೇರಿಕೊಳ್ಳುತ್ತಿದ್ದವು. ಇಷ್ಟನ್ನೂ ಬಾಕಿಯಾಗಿಯೇ ಉಳಿಸಿಕೊಂಡಿದ್ದರೆ ಒಂದೆರಡು ವರ್ಷಗಳಲ್ಲಿ ಯಾರಾದರೂ ಪ್ರಶ್ನೆ ಎತ್ತುತ್ತಿದ್ದರು. ಹಾಗಾಗಿ ಅವುಗಳನ್ನು ವಸೂಲಾದವೆಂದು ತೋರಿಸಿ, ಸುಳ್ಳನ್ನು ಬಾಕಿಯ ಖಾತೆಯಿಂದ ಬ್ಯಾಂಕಿನ ಖಾತೆಗೆ ಸಾಗಿಸಲಾಯಿತು. 2008ರ ಸೆಪ್ಟೆಂಬರ್ ಅಂತ್ಯಕ್ಕೆ ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ.

ಈ ಆಯ್ಕೆಯ ಹಿಂದಿನ ಚಾಣಾಕ್ಷತನವನ್ನು ಗಮನಿಸಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ಯಾರೂ ಸಂಶಯಪಡದ ಸಾಲು ಯಾವುದಾದರೂ ಇದ್ದರೆ ಅದು ಬ್ಯಾಂಕಿನಲ್ಲಿರುವ ಹಣ. ದಾಸ್ತಾನಿನ ಬೆಲೆಯಲ್ಲಿ ಅಂದಾಜು ಇರುತ್ತದೆ, ಬಾಕಿಯಲ್ಲಿ ಬಾರದ ಭಯ ಇರುತ್ತದೆ, ಯಂತ್ರಕ್ಕೆ ಸವಕಳಿ ಇರುತ್ತದೆ. ಬ್ಯಾಂಕಿನಲ್ಲಿರುವ ನೂರು ರೂಪಾಯಿ ನೂರು ರೂಪಾಯಿಯೇ. ಅಷ್ಟೇ ಅಲ್ಲ, ಲಾಭವನ್ನು ನಂಬಬೇಡಿ, ಕಾರ್ಯಾಚರಣೆಯಿಂದ ಬಂದ ನಗದನ್ನು ನಂಬಿ ಎಂಬ ಪ್ರಸಿದ್ಧ ಬುದ್ಧಿಮಾತೂ ಇಲ್ಲಿ ಕೈಕೊಡುತ್ತದೆ. ನಗದು ಹರಿವಿನ ಪಟ್ಟಿಯೂ ಅದೇ ಪುಸ್ತಕದಿಂದ ತಯಾರಾಗುವುದರಿಂದ, ಶಿಲ್ಕೇ ಸುಳ್ಳಾದಾಗ ಹರಿವೂ ಸುಳ್ಳಾಗುತ್ತದೆ. ಆ ಬುದ್ಧಿಮಾತು ಹೆಚ್ಚಿನ ಸಂದರ್ಭಗಳಲ್ಲಿ ಸರಿಯೇ. ಲಾಭ ವರ್ಷಾನುಗಟ್ಟಲೆ ಏರುತ್ತಾ ಹೋಗಿ, ಕಾರ್ಯಾಚರಣೆಯ ನಗದು ಮಾತ್ರ ಹಿಂದೆ ಬೀಳುತ್ತಾ ಬಂದರೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಬೇರೆ ಬೇಕಾಗಿಲ್ಲ. ಆದರೆ ಎರಡೂ ಒಟ್ಟಿಗೆ ನಡೆಯುತ್ತಿವೆ ಎಂದಾಕ್ಷಣ ನಿಶ್ಚಿಂತರಾಗುವಂತಿಲ್ಲ.

ಬ್ಯಾಂಕ್ ಶಿಲ್ಕೇ ಸುಳ್ಳಾಗಿದ್ದರೆ ಹೊರಗಿನವರು ಹಿಡಿಯುವುದು ಹೇಗೆ? ಹಣಕ್ಕೆ ಒಂದು ಗುಣವಿದೆ. ಅದು ಎಲ್ಲಿದ್ದರೂ ಏನಾದರೊಂದು ಗುರುತು ಬಿಡುತ್ತದೆ. ಠೇವಣಿಯಲ್ಲಿದ್ದರೆ ಬಡ್ಡಿ ತರಬೇಕು. ಆದ್ದರಿಂದ ವರ್ಷದ ಬಡ್ಡಿ ಆದಾಯವನ್ನು ಆ ವರ್ಷದ ಸರಾಸರಿ ಶಿಲ್ಕಿನಿಂದ ಭಾಗಿಸಿ, ಬಂದ ದರವು ಬ್ಯಾಂಕುಗಳು ಕೊಡುತ್ತಿದ್ದ ದರಕ್ಕೆ ಹೊಂದುತ್ತದೆಯೇ ನೋಡಬೇಕು. ಸಾವಿರಾರು ಕೋಟಿ ಇಟ್ಟುಕೊಂಡ ಕಂಪನಿಗೆ ಶೇ 2ರ ಬಡ್ಡಿ ಬರುತ್ತಿದ್ದರೆ, ಹಣ ಬಹುಪಾಲು ಚಾಲ್ತಿ ಖಾತೆಯಲ್ಲಿ ಸುಮ್ಮನೆ ಕೂತಿದೆ ಎನ್ನಬೇಕಾಗುತ್ತದೆ. ಯಾವ ಹಣಕಾಸು ಅಧಿಕಾರಿಯೂ ಹಾಗೆ ಕೂರಲು ಬಿಡುವುದಿಲ್ಲ. ಜಾಣ ವಂಚಕರು ಬಡ್ಡಿಯನ್ನೂ ಸುಳ್ಳು ಬರೆಯುತ್ತಾರೆ. ಆಗ ಬಡ್ಡಿಗೂ ಒಂದು ಜಾಗ ಬೇಕಾಗುತ್ತದೆ. ರಾಜು ಪತ್ರದಲ್ಲಿ 376 ಕೋಟಿ ರೂಪಾಯಿಯ ‘ಸಂಚಿತ ಬಡ್ಡಿ’ ಎಂಬ ಇನ್ನೊಂದು ಸುಳ್ಳು ಆಸ್ತಿಯ ಉಲ್ಲೇಖವಿದೆ: ಬರಬೇಕಾಗಿದೆ, ಇನ್ನೂ ಬಂದಿಲ್ಲ ಎಂದು ತೋರಿಸಿದ ಬಡ್ಡಿ ಅದು. ಆ ಮೊತ್ತ ಒಟ್ಟು ಶಿಲ್ಕಿನ ಶೇ 7ರಷ್ಟಾಗುತ್ತದೆ. ವಾರ್ಷಿಕ ಬಡ್ಡಿ ದರ ಶೇ 8ರಿಂದ 9 ಎಂದು ಹಿಡಿದರೆ, ಇಡೀ ಶಿಲ್ಕಿನ ಮೇಲೆ ಹತ್ತು ತಿಂಗಳ ಆಸುಪಾಸಿನ ಬಡ್ಡಿ ಕೈಗೆ ಬಾರದೆ ಬ್ಯಾಂಕಿನಲ್ಲೇ ಉಳಿದಿತ್ತು ಎಂದಾಯಿತು. ಆಡಿಟರ್ ಕೈಗೆ ಇನ್ನೂ ಒಂದು ಎಳೆ ಸಿಗುತ್ತಿತ್ತು: ಕಂಪನಿಯ ಠೇವಣಿಯ ಬಡ್ಡಿಗೆ ಬ್ಯಾಂಕು ಮೂಲದಲ್ಲೇ ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವುದರಿಂದ, ಕಡಿತವಾದ ತೆರಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ನಿಜವಾದ ಠೇವಣಿ ಎಷ್ಟೆಂದು ತಿಳಿಯುತ್ತದೆ.

ಎರಡನೆಯ ಗುರುತು, ಹಣವಿದ್ದೂ ಸಾಲ ಮಾಡುವುದು. ಬ್ಯಾಂಕಿನಲ್ಲಿ ಸಾವಿರ ಕೋಟಿ ಇಟ್ಟುಕೊಂಡು, ಅದಕ್ಕೆ ಸಿಗುವ ಬಡ್ಡಿಗಿಂತ ಹೆಚ್ಚಿನ ಬಡ್ಡಿಗೆ ಎಂಟುನೂರು ಕೋಟಿ ಸಾಲ ಮಾಡುವ ಕಂಪನಿಗೆ ಅದಕ್ಕೊಂದು ಒಪ್ಪುವ ಕಾರಣ ಇರಬೇಕು. ಹಣ ವಿದೇಶದ ಅಂಗಸಂಸ್ಥೆಯಲ್ಲಿದೆ, ಯಾವುದೋ ಗ್ಯಾರಂಟಿಗೆ ಕಟ್ಟುಬಿದ್ದಿದೆ ಎಂಬಂಥ ಉತ್ತರಗಳು ನಿಜವೂ ಇರಬಹುದು, ಆದರೆ ಪ್ರತಿ ವರ್ಷವೂ ಅದೇ ಉತ್ತರ ಬರುತ್ತಿದ್ದರೆ ಟಿಪ್ಪಣಿಗಳನ್ನು ಬಿಡಿಸಿ ಓದಬೇಕು. ಸತ್ಯಂನಲ್ಲಿ ಈ ಸಾಲವನ್ನೇ ಮುಚ್ಚಿಡಲಾಗಿತ್ತು. ಕಂಪನಿಯನ್ನು ನಡೆಸಲು ರಾಜು ಹೊರಗಿನಿಂದ ಹೊಂದಿಸಿ ತಂದಿದ್ದ 1,230 ಕೋಟಿ ರೂಪಾಯಿ ಪುಸ್ತಕದಲ್ಲಿ ಹೊಣೆಯಾಗಿ ಕಾಣಿಸಿಕೊಂಡಿರಲಿಲ್ಲ.

ಜರ್ಮನಿಯ ವೈರ್‌ಕಾರ್ಡ್ ಕಂಪನಿಯ ಕಥೆ ಹನ್ನೊಂದು ವರ್ಷಗಳ ನಂತರ ಬಹುಮಟ್ಟಿಗೆ ಇದೇ ದಾರಿಯಲ್ಲಿ ಸಾಗಿತು. 2020ರ ಜೂನ್‌ನಲ್ಲಿ, ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿ ಇದೆಯೆಂದು ತೋರಿಸಿದ್ದ 190 ಕೋಟಿ ಯೂರೊ ಅಲ್ಲಿ ಇಲ್ಲವೆಂದು ಗೊತ್ತಾಯಿತು. ಆ ಕಂಪನಿ ನಮ್ಮ ಗಿರಾಕಿಯೇ ಅಲ್ಲ, ದಾಖಲೆಗಳು ನಕಲಿ ಎಂದು ಬ್ಯಾಂಕುಗಳು ಹೇಳಿದವು. ಆ ಹಣ ದೇಶದೊಳಕ್ಕೆ ಬಂದೇ ಇಲ್ಲ ಎಂದು ಅಲ್ಲಿನ ಕೇಂದ್ರ ಬ್ಯಾಂಕ್ ತಿಳಿಸಿತು. ಅದಕ್ಕೂ ಮುಂಚೆ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಆ ಕಂಪನಿಯ ಲೆಕ್ಕದ ಬಗ್ಗೆ ಅನುಮಾನ ಎತ್ತಿ ವರ್ಷಗಟ್ಟಲೆ ಬರೆದಿತ್ತು. ಜರ್ಮನಿಯ ನಿಯಂತ್ರಣ ಸಂಸ್ಥೆಯಾದ ಬಾಫಿನ್ 2019ರಲ್ಲಿ ಆ ಪತ್ರಕರ್ತರ ವಿರುದ್ಧವೇ ದೂರು ಕೊಟ್ಟಿತ್ತು ಎಂಬುದನ್ನು ನೆನೆದರೆ, ನಿಯಂತ್ರಕರು ಸುಮ್ಮನಿದ್ದಾರೆ ಎಂಬುದು ಕಂಪನಿ ಪ್ರಾಮಾಣಿಕವಾಗಿದೆ ಎಂಬುದಕ್ಕೆ ಎಷ್ಟು ದುರ್ಬಲ ಪುರಾವೆ ಎಂದು ತಿಳಿಯುತ್ತದೆ.

ಎರಡೂ ಪ್ರಕರಣಗಳಲ್ಲಿ ಆಡಿಟರ್‌ಗಳು ಮಾಡಬೇಕಾಗಿದ್ದ ಕೆಲಸ ಸರಳವಾದದ್ದು. ವರ್ಷದ ಕೊನೆಗೆ ಬ್ಯಾಂಕಿಗೆ ತಾವೇ ಪತ್ರ ಬರೆದು, ಉತ್ತರ ನೇರವಾಗಿ ತಮಗೇ ಬರುವಂತೆ ನೋಡಿಕೊಂಡು ಶಿಲ್ಕನ್ನು ದೃಢಪಡಿಸಿಕೊಳ್ಳುವುದು. ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ತರಬೇತಿ, ಮಾಡುವ ಹುಡುಗರಿಗೂ ಗೊತ್ತಿರುವ ಕ್ರಮ ಇದು. ಸತ್ಯಂ ಲೆಕ್ಕವನ್ನು ಪರಿಶೋಧಿಸಿದ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು ಈ ದೃಢೀಕರಣ ಪತ್ರಗಳನ್ನು ಕಳುಹಿಸುವ ಮತ್ತು ಪಡೆಯುವ ಹತೋಟಿಯನ್ನು ಕಂಪನಿಯ ಆಡಳಿತದ ಕೈಗೇ ಬಿಟ್ಟುಕೊಟ್ಟಿದ್ದವು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ 2011ರಲ್ಲಿ ಹೇಳಿತು. ಅವು ಆ ಸಂಸ್ಥೆಗೆ 60 ಲಕ್ಷ ಡಾಲರ್ ದಂಡ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡವು. ಕಂಪನಿಯೇ ತಂದುಕೊಟ್ಟ ಬ್ಯಾಂಕ್ ಪತ್ರವನ್ನು ಕಡತಕ್ಕೆ ಸೇರಿಸಿಕೊಳ್ಳುವುದಾದರೆ ಪರಿಶೋಧನೆಗೆ ಅರ್ಥವೇ ಉಳಿಯುವುದಿಲ್ಲ.

ದಾಸ್ತಾನಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ವರ್ಷದ ಕೊನೆಯ ದಾಸ್ತಾನನ್ನು ಹೆಚ್ಚಿಸಿ ಬರೆದರೆ ಮಾರಿದ ಸರಕಿನ ವೆಚ್ಚ ಅಷ್ಟೇ ಕಡಿಮೆಯಾಗಿ ಲಾಭ ಉಬ್ಬುತ್ತದೆ. ಮಾರಾಟಕ್ಕಿಂತ ದಾಸ್ತಾನು ವೇಗವಾಗಿ ಬೆಳೆಯುತ್ತಿದ್ದು, ಅದೇ ಹೊತ್ತಿಗೆ ಮಾರಾಟದಲ್ಲಿ ಲಾಭದ ಪ್ರಮಾಣವೂ ಏರುತ್ತಿದ್ದರೆ ಅವೆರಡೂ ಒಟ್ಟಿಗೆ ಹೋಗುವುದು ಕಷ್ಟ ಎಂದು ತಿಳಿದರೆ ಸಾಕು.

ಸ್ಥಿರಾಸ್ತಿಯದು ಇದಕ್ಕಿಂತ ಸೂಕ್ಷ್ಮವಾದ ಮಾತು. ಈ ವರ್ಷದ ಖರ್ಚನ್ನು ಖರ್ಚು ಎಂದು ಬರೆದರೆ ಲಾಭ ಇಳಿಯುತ್ತದೆ. ಅದನ್ನೇ ಆಸ್ತಿ ಎಂದು ಬರೆದರೆ ಲಾಭಕ್ಕೆ ಪೆಟ್ಟು ಬೀಳದೆ, ಮುಂದಿನ ಹತ್ತಾರು ವರ್ಷಗಳಲ್ಲಿ ಸವಕಳಿಯ ರೂಪದಲ್ಲಿ ಸ್ವಲ್ಪಸ್ವಲ್ಪವಾಗಿ ಕಳೆಯುತ್ತದೆ. ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ ಇತರ ಕಂಪನಿಗಳ ತಂತಿಜಾಲ ಬಳಸಲು ಕೊಡುತ್ತಿದ್ದ ಬಾಡಿಗೆಯಂಥ ಮಾಮೂಲಿ ಖರ್ಚನ್ನು ಹೀಗೆ ಆಸ್ತಿಯಾಗಿ ಬರೆದುಕೊಂಡಿತ್ತು. 2002ರ ಜೂನ್‌ನಲ್ಲಿ ಅದು ಹೊರಬಿದ್ದಾಗ ಮೊದಲು ಘೋಷಿಸಿದ ಮೊತ್ತವೇ 380 ಕೋಟಿ ಡಾಲರ್ ಇತ್ತು. ಹಿಡಿದದ್ದು ಹೊರಗಿನ ಆಡಿಟರ್ ಅಲ್ಲ, ಸಿಂಥಿಯಾ ಕೂಪರ್ ನೇತೃತ್ವದ ಕಂಪನಿಯದೇ ಒಳ ಪರಿಶೋಧನಾ ತಂಡ. ನಮ್ಮಲ್ಲಿ ಇಂಥ ಖರ್ಚು ಅಡಗುವ ಸಾಧ್ಯತೆಯಿರುವ ಸಾಲು ಎಂದರೆ ‘ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿ’. ಕಾಮಗಾರಿ ಮುಗಿಯುವವರೆಗೆ ಸವಕಳಿಯೂ ಕಳೆಯಬೇಕಾಗಿಲ್ಲ. ಹಾಗಾಗಿ ವರ್ಷಗಟ್ಟಲೆ ಮುಗಿಯದ ಕಾಮಗಾರಿ, ಅದಕ್ಕೆ ಪ್ರತಿ ವರ್ಷ ಸೇರುತ್ತಾ ಹೋಗುವ ಬಡ್ಡಿ ಮತ್ತು ಸಂಬಳ ಕಂಡರೆ, ಆ ಕಾರ್ಖಾನೆ ಎಲ್ಲಿದೆ, ಎಷ್ಟು ಎದ್ದಿದೆ ಎಂದು ವಿಚಾರಿಸುವುದು ತಪ್ಪಲ್ಲ. ಬಾಕಿಯ ಹಾಗೆಯೇ ಇದಕ್ಕೂ ವಯಸ್ಸಿನ ಕೋಷ್ಟಕ ಕೊಡುವುದು ಈಗ ಕಡ್ಡಾಯ.

ಇನ್ನು ಸಂಬಂಧಿತ ಪಕ್ಷಗಳ ವ್ಯವಹಾರ. ಪ್ರವರ್ತಕರ, ಅಂದರೆ ಕಂಪನಿಯನ್ನು ಕಟ್ಟಿ ಹಿಡಿತದಲ್ಲಿಟ್ಟುಕೊಂಡವರ, ಕುಟುಂಬಕ್ಕೆ ಸೇರಿದ ಬೇರೆ ಕಂಪನಿಗಳ ಜೊತೆ ಕೊಡುಕೊಳ್ಳುವಿಕೆ ಇರುವುದು ಅಪರಾಧವೇನಲ್ಲ; ಭಾರತದ ಹೆಚ್ಚಿನ ಉದ್ಯಮಗಳು ಬೆಳೆದಿರುವುದೇ ಹಾಗೆ. ಆದರೆ ಖಾಲಿ ಜಾಗವನ್ನು ತುಂಬಲು ಅದಕ್ಕಿಂತ ಅನುಕೂಲದ ದಾರಿ ಇನ್ನೊಂದಿಲ್ಲ. 2008ರ ಡಿಸೆಂಬರ್ 16ರಂದು ಸತ್ಯಂ ಮಂಡಳಿ, ರಾಜು ಕುಟುಂಬದ ಮೇಟಾಸ್ ಪ್ರಾಪರ್ಟೀಸ್ ಕಂಪನಿಯನ್ನೂ ಮೇಟಾಸ್ ಇನ್‌ಫ್ರಾದ ಶೇ 51ರ ಪಾಲನ್ನೂ ಒಟ್ಟು 160 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿತು. ಸಾಫ್ಟ್‌ವೇರ್ ಕಂಪನಿಗೆ ಭೂಮಿ ಮತ್ತು ಕಾಮಗಾರಿಯ ಗೊಡವೆ ಏಕೆ ಎಂದು ಹೂಡಿಕೆದಾರರು ಎದ್ದು ನಿಂತಿದ್ದರಿಂದ ಕೆಲವೇ ಗಂಟೆಗಳಲ್ಲಿ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಬೇಕಾಯಿತು. ಸುಳ್ಳು ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿಯನ್ನು ತಂದಿಡುವ ಕೊನೆಯ ಪ್ರಯತ್ನ ಅದಾಗಿತ್ತು ಎಂದು ರಾಜು ತಮ್ಮ ಪತ್ರದಲ್ಲಿ ತಾವೇ ಬರೆದರು. ಇಲ್ಲದ ಹಣವನ್ನು ಇರುವ ಭೂಮಿಗೆ ಕೊಟ್ಟಂತೆ ಬರೆದುಬಿಟ್ಟರೆ ಬ್ಯಾಂಕ್ ಶಿಲ್ಕಿನ ಸುಳ್ಳು ಶಾಶ್ವತವಾಗಿ ಅಳಿಸಿಹೋಗುತ್ತಿತ್ತು. ಹೀಗಾಗಿ, ಕೈತುಂಬ ಹಣವಿದೆ ಎನ್ನುವ ಕಂಪನಿ ಇದ್ದಕ್ಕಿದ್ದಂತೆ ತನ್ನ ಕಸುಬಿಗೆ ಸಂಬಂಧವೇ ಇಲ್ಲದ್ದನ್ನು, ಅದೂ ತನ್ನವರಿಂದಲೇ ಕೊಳ್ಳಲು ಹೊರಟರೆ ಆ ಹಣ ನಿಜವಾಗಿ ಇದೆಯೇ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆಯಾಗುತ್ತದೆ.

ಕರ್ನಾಟಕದ ಒಂದು ಪ್ರಕರಣ ಇದೇ ವಿಷಯದ ಮತ್ತೊಂದು ಮುಖವನ್ನು ತೋರಿಸುತ್ತದೆ. ಅದು ನಕಲಿ ಲಾಭದ ಪ್ರಕರಣವಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಬೆಂಗಳೂರಿನ ಕಾಫಿ ಡೇ ಎಂಟರ್‌ಪ್ರೈಸಸ್‌ನ ಏಳು ಅಂಗಸಂಸ್ಥೆಗಳಿಂದ, ಪ್ರವರ್ತಕರಿಗೆ ಸೇರಿದ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಕಂಪನಿಗೆ 3,535 ಕೋಟಿ ರೂಪಾಯಿ ಹರಿದುಹೋಗಿತ್ತು ಎಂದು ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ 26 ಕೋಟಿ ರೂಪಾಯಿ ದಂಡ ವಿಧಿಸಿತು. 2019ರ ಜುಲೈ ಅಂತ್ಯಕ್ಕೆ ಇದ್ದ ಮೊತ್ತ ಅದು. ಅದೇ ವರ್ಷದ ಮಾರ್ಚ್ 31ರ ಪರಿಶೋಧಿತ ಲೆಕ್ಕದಲ್ಲಿ ಆ ಬಾಕಿ 842 ಕೋಟಿ ರೂಪಾಯಿ ಮಾತ್ರ ಇತ್ತು ಎಂಬ ಅಂಶ ಕಂಪನಿಯೇ ನಡೆಸಿದ ತನಿಖೆಯ ವರದಿಯಲ್ಲಿದೆ. ಮಾರ್ಚ್ 31ರ ಪುಟ ನೋಡಿದವರಿಗೆ ಕಂಡದ್ದು ಒಂದು ಮೊತ್ತ, ನಾಲ್ಕು ತಿಂಗಳ ನಂತರ ಇದ್ದದ್ದು ಅದರ ನಾಲ್ಕು ಪಟ್ಟಿಗೂ ಮಿಗಿಲು. ಬ್ಯಾಲೆನ್ಸ್ ಶೀಟು ಒಂದು ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ, ಉಳಿದ 364 ದಿನಗಳ ಬಗ್ಗೆ ಅದು ಮೌನವಾಗಿರುತ್ತದೆ. ಆದ್ದರಿಂದ ಸಂಬಂಧಿತ ಪಕ್ಷಗಳ ಟಿಪ್ಪಣಿಯಲ್ಲಿ ವರ್ಷಾಂತ್ಯದ ಬಾಕಿಗಿಂತ, ವರ್ಷದುದ್ದಕ್ಕೂ ಕೊಟ್ಟ ಮತ್ತು ಮರಳಿ ಪಡೆದ ಒಟ್ಟು ಮೊತ್ತದ ಸಾಲನ್ನು ಓದಬೇಕು. ಕೊಟ್ಟದ್ದು ಸಾವಿರ ಕೋಟಿ, ಬಂದದ್ದು ಸಾವಿರ ಕೋಟಿ, ವರ್ಷಾಂತ್ಯಕ್ಕೆ ಬಾಕಿ ಸೊನ್ನೆ ಎಂದಿದ್ದರೂ ಆ ಸಾವಿರ ಕೋಟಿ ವರ್ಷದ ಮಧ್ಯೆ ಯಾರ ಕೆಲಸಕ್ಕೆ ಬಂತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅಂಕಿಗಳ ಹೊರಗೂ ಕೆಲವು ಗುರುತುಗಳಿವೆ. ಸತ್ಯಂನಲ್ಲಿ ಪ್ರವರ್ತಕರ ಪಾಲು 2001ರಲ್ಲಿ ಶೇ 25ರಷ್ಟಿದ್ದದ್ದು 2008ರ ಹೊತ್ತಿಗೆ ಶೇ 9ಕ್ಕೂ ಕೆಳಗೆ ಇಳಿದಿತ್ತು. ಉಳಿದ ಷೇರುಗಳನ್ನು ಅಡವಿಟ್ಟು ಸಾಲ ತೆಗೆಯಲಾಗಿತ್ತು ಎಂಬುದು ಕೊನೆಯ ಗಳಿಗೆಯಲ್ಲಿ ಜನರಿಗೆ ತಿಳಿಯಿತು. ಅಡವಿಟ್ಟ ಷೇರುಗಳ ವಿವರವನ್ನು ಬಹಿರಂಗಪಡಿಸುವುದನ್ನು ಸೆಬಿ ಕಡ್ಡಾಯ ಮಾಡಿದ್ದು ಪತ್ರ ಹೊರಬಿದ್ದ 2009ರ ಜನವರಿಯಲ್ಲೇ. ಷೇರು ಅಡವಿಟ್ಟ ಪ್ರವರ್ತಕರಿಗೆ ಬೆಲೆ ಕುಸಿಯುವುದು ಸಹಿಸಲಾಗದ ಸಂಗತಿ, ಏಕೆಂದರೆ ಬೆಲೆ ಕುಸಿದರೆ ಸಾಲ ಕೊಟ್ಟವರು ಷೇರು ಮಾರಿಬಿಡುತ್ತಾರೆ. ತ್ರೈಮಾಸಿಕದ ಲಾಭ ಯಾರಿಗೆ, ಏಕೆ ತುರ್ತಾಗಿ ಬೇಕಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಅವಧಿಗೆ ಮುನ್ನವೇ ಆಡಿಟರ್ ರಾಜೀನಾಮೆ ಕೊಡುವುದು, ಹಣಕಾಸು ಮುಖ್ಯಸ್ಥರು ವರ್ಷಕ್ಕೊಬ್ಬರಂತೆ ಬದಲಾಗುವುದು, ಫಲಿತಾಂಶ ಪ್ರಕಟಣೆ ಮುಂದಕ್ಕೆ ಹೋಗುತ್ತಿರುವುದು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಪ್ರಶಸ್ತಿಗಳಿಂದ ಮಾತ್ರ ಏನೂ ತಿಳಿಯುವುದಿಲ್ಲ. ಉತ್ತಮ ಕಾರ್ಪೊರೇಟ್ ಆಡಳಿತಕ್ಕೆಂದು ಕೊಡುವ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸತ್ಯಂಗೆ ಬಂದದ್ದು 2008ರಲ್ಲಿ, ಪತ್ರ ಹೊರಬೀಳುವುದಕ್ಕೆ ಕೆಲವೇ ತಿಂಗಳ ಮುಂಚೆ.

ಉದ್ಯಮದ ಸರಾಸರಿಗಿಂತ ಅಸಹಜವಾಗಿ ಹೆಚ್ಚಿನ ಲಾಭ ತೋರಿಸುವ ಕಂಪನಿಯನ್ನು ಅನುಮಾನಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಸತ್ಯಂ ತೋರಿಸಿದ, ವರಮಾನದ ಶೇ 24ರಷ್ಟಿದ್ದ ಲಾಭ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಪಕ್ಕದಲ್ಲಿ ಅಸಹಜವಾಗಿ ಕಾಣುತ್ತಿರಲಿಲ್ಲ. ಸುಳ್ಳು ಬರೆದದ್ದೇ ಅವರ ಸಾಲಿನಲ್ಲಿ ನಿಂತಂತೆ ಕಾಣಲೆಂದು. ಪತ್ರದ ಪ್ರಕಾರ ನಿಜವಾದ ಲಾಭ ವರಮಾನದ ಶೇ 3 ಮಾತ್ರ.

ಲೆಕ್ಕ ತಿದ್ದಿರುವ ಸಾಧ್ಯತೆಯನ್ನು ಅಳೆಯಲು ಸೂತ್ರಗಳೂ ಇವೆ. ಇಂಡಿಯಾನಾ ವಿಶ್ವವಿದ್ಯಾಲಯದ ಮೆಸೋಡ್ ಬೆನಿಶ್ ಎಂಟು ಅನುಪಾತಗಳನ್ನು ಸೇರಿಸಿ ರೂಪಿಸಿದ ‘ಎಂ ಸ್ಕೋರ್’ ಅವುಗಳಲ್ಲಿ ಹೆಸರಾದದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗುಂಪೊಂದು 1998ರಲ್ಲೇ ಬೆನಿಶ್ ಮಾದರಿಯನ್ನು ಬಳಸಿ, ಅಮೆರಿಕದ ಎನ್ರಾನ್ ಕಂಪನಿ ಲಾಭವನ್ನು ತಿರುಚುತ್ತಿರಬಹುದು ಎಂದು ಬರೆದಿತ್ತು. ಕಂಪನಿ ದಿವಾಳಿಯಾದದ್ದು ಮೂರು ವರ್ಷಗಳ ನಂತರ. ಸೂತ್ರಗಳು ನೂರಾರು ಕಂಪನಿಗಳ ರಾಶಿಯಿಂದ ಹತ್ತನ್ನು ಬೇರ್ಪಡಿಸಿ ಕೊಡಲು ಒಳ್ಳೆಯವು. ಆ ಹತ್ತರಲ್ಲಿ ತಪ್ಪು ಮಾಡಿದವರು ಯಾರೆಂದು ಹೇಳುವ ಶಕ್ತಿ ಅವಕ್ಕಿಲ್ಲ.

ಸತ್ಯಂ ನಂತರ ಕಾನೂನು ಬಿಗಿಯಾಗಿದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಲ್ಲಿ ಒಂದೇ ಆಡಿಟ್ ಸಂಸ್ಥೆ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ಉಳಿಯದಂತೆ ಮಾಡಿತು. ಆಡಿಟರ್‌ಗಳ ಮೇಲೆ ಕಣ್ಣಿಡಲು ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ 2018ರಲ್ಲಿ ಬಂತು. ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ, ಏನನ್ನು ತಿದ್ದಿದರು ಎಂಬ ದಾಖಲೆ ಅಳಿಸಲಾಗದಂತೆ ಉಳಿಯಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದು ವರ್ಷಪೂರ್ತಿ ಚಾಲೂ ಇತ್ತೇ ಎಂಬುದರ ಬಗ್ಗೆ ಆಡಿಟರ್ ತಮ್ಮ ವರದಿಯಲ್ಲಿ ಷರಾ ಬರೆಯಬೇಕು. ‘ಸೂಪರ್ ಯೂಸರ್’ ಕಥೆ ಓದಿದವರಿಗೆ ಈ ಷರಾದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಆಡಿಟ್ ವರದಿಯ ಅನುಬಂಧದಲ್ಲಿ ಇನ್ನೊಂದು ಸಾಲು ಇರುತ್ತದೆ, ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದೇ ಇಲ್ಲ: 5 ಕೋಟಿ ರೂಪಾಯಿಗಿಂತ ಹೆಚ್ಚಿನ ದುಡಿಯುವ ಬಂಡವಾಳದ ಸಾಲ ಪಡೆದ ಕಂಪನಿ, ದಾಸ್ತಾನು ಮತ್ತು ಬಾಕಿಯ ಬಗ್ಗೆ ಬ್ಯಾಂಕಿಗೆ ತ್ರೈಮಾಸಿಕವಾಗಿ ಕೊಡುವ ಪಟ್ಟಿ ತನ್ನ ಪುಸ್ತಕಕ್ಕೆ ಹೊಂದುತ್ತದೆಯೇ ಎಂಬುದು. ಬ್ಯಾಂಕಿಗೆ ಒಂದು ದಾಸ್ತಾನು, ಷೇರುದಾರರಿಗೆ ಇನ್ನೊಂದು ದಾಸ್ತಾನು ತೋರಿಸುವ ಕಂಪನಿ ತಾನಾಗಿಯೇ ಸಿಕ್ಕಿಬೀಳುವ ಜಾಗ ಅದು.

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರಿಕೆಯ ಇನ್ನೊಂದು ಮಾತನ್ನೂ ಹೇಳಬೇಕು. ಈ ಗುರುತುಗಳಲ್ಲಿ ಹೆಚ್ಚಿನವು ಪ್ರಾಮಾಣಿಕ ಕಂಪನಿಗಳಲ್ಲೂ ಕಾಣುತ್ತವೆ. ಸರ್ಕಾರದ ರಸ್ತೆ, ನೀರಾವರಿ ಕಾಮಗಾರಿ ಮಾಡುವ ಗುತ್ತಿಗೆ ಕಂಪನಿಯ ಬಾಕಿ ದೀರ್ಘವಾಗಿರುವುದಕ್ಕೆ ಬಿಲ್ಲು ಪಾವತಿಯಾಗಲು ಹಿಡಿಯುವ ಕಾಲವೇ ಕಾರಣವಾಗಿರಬಹುದು. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಅಕ್ಟೋಬರ್-ನವೆಂಬರ್‌ನಲ್ಲಿ ಆರಂಭವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತಾ ಬರುವುದರಿಂದ, ಮಾರ್ಚ್ 31ರ ದಾಸ್ತಾನು ಬೆಟ್ಟದಷ್ಟು ಇರುವುದು ಸಹಜ, ಕಡಿಮೆಯಿದ್ದರೇ ಆಶ್ಚರ್ಯಪಡಬೇಕು. ಹಾಗಾಗಿ ಒಂದು ಕಂಪನಿಯ ಅಂಕಿಯನ್ನು ಅದೇ ಕಸುಬಿನ ಇನ್ನೂ ನಾಲ್ಕು ಕಂಪನಿಗಳ ಅಂಕಿಯ ಜೊತೆಗೂ, ಅದರದೇ ಐದು ವರ್ಷಗಳ ಹಿಂದಿನ ಅಂಕಿಯ ಜೊತೆಗೂ ಇಟ್ಟು ನೋಡದೆ ತೀರ್ಮಾನಕ್ಕೆ ಬರಬಾರದು. ಒಂದು ಗುರುತು ಕಂಡರೆ ಪ್ರಶ್ನೆ ಕೇಳಬಹುದು. ಅಡವಿಟ್ಟ ಷೇರು, ಹಣವಿದ್ದೂ ಮಾಡಿದ ಸಾಲ, ನಡುವೆ ಬಿಟ್ಟುಹೋದ ಆಡಿಟರ್ ಈ ಮೂರೂ ಒಟ್ಟಿಗೆ ಕಂಡರೆ ಉತ್ತರಕ್ಕೆ ಕಾಯುವ ಮೊದಲೇ ಹೂಡಿಕೆ ಹಿಂತೆಗೆದುಕೊಳ್ಳುವವರನ್ನು ನಾನು ಅವಸರದವರು ಎನ್ನಲಾರೆ.

ಪ್ರಶ್ನೆ ಕೇಳಿದಾಗ ಬರುವ ಪ್ರತಿಕ್ರಿಯೆಯನ್ನೂ ಗಮನಿಸಬೇಕು. 2001ರ ಏಪ್ರಿಲ್‌ನಲ್ಲಿ ಎನ್ರಾನ್ ತನ್ನ ತ್ರೈಮಾಸಿಕ ಲಾಭವನ್ನು ಪ್ರಕಟಿಸಿ ವಿಶ್ಲೇಷಕರ ಜೊತೆ ದೂರವಾಣಿಯಲ್ಲಿ ಮಾತನಾಡುವಾಗ, ರಿಚರ್ಡ್ ಗ್ರುಬ್‌ಮನ್ ಎಂಬ ಹೂಡಿಕೆ ವ್ಯವಸ್ಥಾಪಕರು, ಲಾಭದ ಜೊತೆಗೆ ಬ್ಯಾಲೆನ್ಸ್ ಶೀಟನ್ನೂ ನಗದು ಹರಿವಿನ ಪಟ್ಟಿಯನ್ನೂ ಕೊಡಲಾಗದ ಹಣಕಾಸು ಸಂಸ್ಥೆ ನಿಮ್ಮದೊಂದೇ ಎಂದರು. ಮುಖ್ಯ ಕಾರ್ಯನಿರ್ವಾಹಕ ಜೆಫ್ರಿ ಸ್ಕಿಲ್ಲಿಂಗ್ ಧನ್ಯವಾದ ಹೇಳಿ, ಅದೇ ಉಸಿರಿನಲ್ಲಿ ಒಂದು ಬೈಗುಳವನ್ನೂ ಸೇರಿಸಿದರು. ಡಿಸೆಂಬರ್ 2ರಂದು ಎನ್ರಾನ್ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲಿ ಮಾರ್ಚ್‌ಗೆ ವರ್ಷ ಮುಗಿಸುವ, ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳು ಜೂನ್ ಮತ್ತು ಡಿಸೆಂಬರ್ ತ್ರೈಮಾಸಿಕಗಳ ಫಲಿತಾಂಶದಲ್ಲಿ ಬ್ಯಾಲೆನ್ಸ್ ಶೀಟು ಕೊಡಬೇಕಾಗಿಲ್ಲ. ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶಗಳಲ್ಲಿ ಆಸ್ತಿ-ಹೊಣೆ ಪಟ್ಟಿಯೂ ನಗದು ಹರಿವಿನ ಪಟ್ಟಿಯೂ ಇರಲೇಬೇಕು. ವರ್ಷದಲ್ಲಿ ಎರಡೇ ಸಲ ಓದಲು ಬಿಡುವಿರುವವರು ಆ ಎರಡು ಸಲವನ್ನೇ ಆರಿಸಿಕೊಂಡು, ಲಾಭದ ಸಾಲನ್ನು ಕೊನೆಗೆ ನೋಡಬಹುದು.